ಮಾದಮ್ಮನ ಒಲೆಯ ಮುಂದೆ ಕೇಳಿದ ಮಾತು

ಭಾಷೆ ಬಾರದಿದ್ದರೂ ಮನಸ್ಸು ಮನಸ್ಸನ್ನು ಅರಿಯುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ನಾನು ತಿನ್ನುವ ಅನ್ನವೇ ಅನುವಾದದ್ದು. ನಮ್ಮ ಕಡೆಯ ಕೈಮಗ್ಗದ ಬಟ್ಟೆ ಕೊಳ್ಳಲು ಬರುವ ಫ್ರೆಂಚರಿಗೂ ಇಲ್ಲಿನ ನೇಕಾರರಿಗೂ ನಡುವೆ ಕುಳಿತು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುವುದು ನನ್ನ ಕಸುಬು. ಒಂದು ಪದ ತಪ್ಪಿದ್ದಕ್ಕೆ ನೀಲಿ ಅಂಚು ಹಸಿರಾಗಿ ನೇಯ್ದು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈಗ ಹೇಳಹೊರಟದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವು ನಂಬಲೇಬೇಕೆಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಸೇಲಂನವಳು. ನಮ್ಮದು ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು ಆಡುವ ನೇಕಾರರ ಮನೆತನ. ಪುದುಚೇರಿಯಲ್ಲಿ ಓದುವಾಗ ಫ್ರೆಂಚ್ ಹಿಡಿಸಿತು, ಅದೇ ಮುಂದೆ ಕೆಲಸವೂ ಆಯಿತು. ಕೆಲಸದ ಮೇಲೆ ಫ್ರಾನ್ಸಿಗೆ ಹೋದಾಗ ಪ್ಯಾರಿಸ್‌ನಲ್ಲಿ ಒಂದು ದಿನವೂ ಹೆಚ್ಚಿಗೆ ಉಳಿಯುತ್ತಿರಲಿಲ್ಲ. ಕೆಲಸ ಮುಗಿಯುತ್ತಲೇ ನಿಧಾನದ ರೈಲು ಹಿಡಿದು ಯಾವುದಾದರೂ ಸಣ್ಣ ಊರಿಗೆ ಹೋಗಿಬಿಡುತ್ತಿದ್ದೆ. ಆ ಊರುಗಳ ಮೇಲೆ ನನಗೆ ಇವತ್ತಿಗೂ ಮೋಹ. ಮಧ್ಯಾಹ್ನವಾಯಿತೆಂದರೆ ಅಂಗಡಿಗಳು ಕದ ಹಾಕಿಕೊಂಡು ಊರಿಗೆ ಊರೇ ಊಟಕ್ಕೆ ಹೋಗುತ್ತದೆ. ಸಂತೆಯಲ್ಲಿ ಹುರುಳಿಕಾಯಿ ಕೊಳ್ಳಲು ಹೋದರೆ, ಮಾರುವವಳು ಇವತ್ತು ಏನು ಅಡುಗೆ ಎಂದು ವಿಚಾರಿಸಿ, ನಮ್ಮ ಉತ್ತರ ಹಿಡಿಸದಿದ್ದರೆ ಬೇರೆ ಕಾಯಿ ಆರಿಸಿ ಕೊಡುತ್ತಾಳೆ. ಒಂದೊಂದು ಊರಿಗೂ ತನ್ನದೇ ಚೀಸ್, ತನ್ನದೇ ಸಾರು, ಪಕ್ಕದ ಊರಿನವರಿಗೆ ಅದನ್ನು ಮಾಡಲು ಬರುವುದಿಲ್ಲವೆಂಬ ಹೆಮ್ಮೆ.

ಅಂಥ ಊರುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನೈರುತ್ಯದ ಫಿಜಾಕ್. ಅಲ್ಲಿನ ಹಳೆಯ ಕಲ್ಲಿನ ಮನೆಗಳ ಮೇಲಂತಸ್ತಿನಲ್ಲಿ ಗಾಳಿಗೆ ತೆರೆದ ಜಗಲಿಗಳಿವೆ. ಅಲ್ಲಿ ಹಿಂದೆ ಕಾಳು, ಬಟ್ಟೆ, ಚರ್ಮ ಒಣಗಿಸುತ್ತಿದ್ದರಂತೆ. ಊರಾಚೆ ಕಲ್ಲುಬಯಲು, ಕುರುಚಲು ಗಿಡ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪಿರುವ ಕುರಿಗಳು. ಅಲ್ಲಿ ಒಡೀಲ್ ಎಂಬ ಹಿರಿಯ ಹೆಂಗಸು ತಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಟ್ಟು, ರಾತ್ರಿಯೂಟವನ್ನು ತಮ್ಮ ಪಂಕ್ತಿಯಲ್ಲೇ ಬಡಿಸುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಬೇರೆಯವರಾದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ಒಡೀಲ್ ಮಾತ್ರ ಬಾತುಕೋಳಿ ಕೊಬ್ಬಿನ ಡಬ್ಬಿಯನ್ನು ಪಕ್ಕಕ್ಕಿಟ್ಟು ಅಕ್ರೋಟಿನ ಎಣ್ಣೆ ತೆಗೆದರು, ಅಷ್ಟೇ. ಸೇಬಿನ ಕಡುಬಿಗೆ ಅವರು ಹಿಟ್ಟು ಎಳೆಯುವುದನ್ನು ನೋಡಬೇಕು. ಊಟದ ಮೇಜಿನಷ್ಟಗಲ, ಕೆಳಗಿನ ಹಾಸಿನ ಹೂವು ಕಾಣುವಷ್ಟು ತೆಳ್ಳಗೆ, ಎಲ್ಲೂ ಹರಿಯದಂತೆ ಎಳೆಯುತ್ತಿದ್ದರು. ಮಗ್ಗದ ಮನೆಯಲ್ಲಿ ಬೆಳೆದ ನನಗೇ ಅಂಥ ಕೈ ಅಪರೂಪವೆನಿಸಿತು. ಅವರ ಗಂಡ ಮಾರ್ಸೆಲ್ ಕಡಿಮೆ ಮಾತಿನವರು. ಸಾರಿನ ತಟ್ಟೆಯ ತಳದಲ್ಲಿ ಉಳಿದದ್ದಕ್ಕೆ ಒಂದಿಷ್ಟು ವೈನ್ ಸುರಿದು, ಎರಡೂ ಕೈಯಲ್ಲಿ ತಟ್ಟೆ ಎತ್ತಿ ಕುಡಿದು, ಹೆಂಡತಿಯ ಕಡೆ ನೋಡಿ ತಲೆದೂಗುತ್ತಿದ್ದರು. ಆ ಮನೆಯಲ್ಲಿ ಮೆಚ್ಚುಗೆಯೆಂದರೆ ಅದು.

ಮಾರ್ಸೆಲ್ ತೀರಿಕೊಂಡ ಮೇಲೆ ಒಡೀಲ್ ಒಲೆ ಹಚ್ಚುವುದನ್ನು ನಿಲ್ಲಿಸಿದರು. ಕೋಣೆಗಳನ್ನು ಮುಚ್ಚಿ, ಅಂಗಡಿಯ ಬ್ರೆಡ್ಡು, ಡಬ್ಬಿಯ ಸಾರಿನಲ್ಲೇ ದಿನ ದೂಡುತ್ತಿದ್ದರು. ಫೋನಿನಲ್ಲಿ ಕಾರಣ ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದರು. ಅವರು ದಿನದಿನಕ್ಕೆ ಇಳಿದುಹೋಗುತ್ತಿರುವುದು ದನಿಯಲ್ಲೇ ತಿಳಿಯುತ್ತಿತ್ತು. ನಮ್ಮ ಮನೆಗೆ ಬನ್ನಿ ಎಂದು ಒತ್ತಾಯ ಮಾಡಿ ಕರೆಸಿಕೊಂಡೆ. ಬಂದರು. ಪಕ್ಕದ ಎಡಪ್ಪಾಡಿಯ ಮಗ್ಗಗಳನ್ನು ಆಸೆಯಿಂದ ನೋಡಿದರು, ನನ್ನ ಅಮ್ಮ ಬಡಿಸಿದ್ದನ್ನೆಲ್ಲ ಹೊಗಳಿದರು. ಆದರೆ ಕೈ ತುತ್ತನ್ನು ಕಲಸುತ್ತಿತ್ತೇ ಹೊರತು ಬಾಯಿಗೆ ಹೋಗುತ್ತಿರಲಿಲ್ಲ.

ಕುರಿ ಕಾಯುವವರ ಸೀಮೆ ನೋಡಬೇಕೆಂದು ಅವರೇ ಕೇಳಿದ್ದರಿಂದ ಒಂದು ಬೆಳಿಗ್ಗೆ ಡ್ರೈವರನ್ನು ಕರೆದುಕೊಂಡು ಕಾರಿನಲ್ಲಿ ಹೊರಟೆವು. ಶಿವರಾತ್ರಿ ಕಳೆದು ಬಿಸಿಲು ಚುರುಕಾಗುತ್ತಿದ್ದ ಕಾಲ. ಅದಿಯಮಾನ್‌ಕೋಟೆ ದಾಟಿ ಪಾಲಕೋಡ್ ಕಡೆಗೆ ಹೋಗುವಾಗ, ಊರು ಇನ್ನೂ ದೂರವಿರುವಂತೆಯೇ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂತು. ಒಡೀಲ್ ಇಳಿದು, ನಮ್ಮೂರಿನ ಹಾಗೇ ಇದೆಯಲ್ಲ ಎನ್ನುತ್ತ ಮಂದೆಯ ಹಿಂದೆ ಹೊಲದೊಳಕ್ಕೆ ನಡೆದರು. ಸ್ವಲ್ಪ ಹೊತ್ತಿಗೆ ತಲೆ ಸುತ್ತಿ ಕಲ್ಲಿನ ಮೇಲೆ ಕುಸಿದು ಕುಳಿತರು. ಕುರಿಗಳ ಯಜಮಾನಿ ಓಡಿಬಂದು ನನ್ನ ಜೊತೆ ಅವರನ್ನು ಹಿಡಿದುಕೊಂಡರು. ಒಡೀಲ್‌ರಷ್ಟೇ ವಯಸ್ಸು, ಒಣಗಿದ ಮೈ, ಗಟ್ಟಿ ಕೈ. ಹೆಸರು ಮಾದಮ್ಮ, ಮನೆಮಾತು ನಮ್ಮಂತೆಯೇ ಕನ್ನಡ. ಮನೆ ಅಲ್ಲೇ ಹೊಲದ ಅಂಚಿನಲ್ಲಿತ್ತು. ಜಗಲಿಯ ನೆರಳಿನಲ್ಲಿ ಮಲಗಿಸಿ, ಮಜ್ಜಿಗೆ ಕುಡಿಸಿದ ಮೇಲೆ ಒಡೀಲ್ ಸುಧಾರಿಸಿಕೊಂಡು, ರಕ್ತದೊತ್ತಡದ ಮಾತ್ರೆಯನ್ನು ಸೇಲಂನಲ್ಲೇ ಮರೆತು ಬಂದಿರುವುದಾಗಿ ಹೇಳಿದರು. ಅವರ ದೇಶದ ಮಾತ್ರೆಗೆ ನಮ್ಮಲ್ಲಿ ಯಾವುದು ಸಮ ಎಂದು ಅಂಗಡಿಯಲ್ಲಿ ವಿವರಿಸಬೇಕಿತ್ತು, ಡ್ರೈವರ್ ಒಬ್ಬನಿಂದ ಆಗುವ ಕೆಲಸವಲ್ಲ. ಅಷ್ಟರಲ್ಲಿ ಅವರಿಗೆ ಜೊಂಪು ಹತ್ತಿತ್ತು. ಮಾದಮ್ಮ ನನ್ನ ಅನುಮಾನ ನೋಡಿ, "ನೀ ಓಗ್ಬುಟ್ಟು ಬಾರವ್ವ, ನಾ ಇಲ್ವಾ" ಎಂದರು.

ಪಾಲಕೋಡ್‌ನಲ್ಲಿ ಟೊಮೆಟೊ ಲಾರಿಗಳು ರಸ್ತೆ ಕಟ್ಟಿದ್ದವು. ಮಾತ್ರೆ ಕೊಂಡು ಮರಳುವಷ್ಟರಲ್ಲಿ ನೆತ್ತಿಯ ಸೂರ್ಯ ವಾಲಿದ್ದ. ಜಗಲಿಯಲ್ಲಿ ಒಡೀಲ್ ಇರಲಿಲ್ಲ. ಒಳಗೆ ಇಣುಕಿದೆ, ಅಲ್ಲೂ ಇರಲಿಲ್ಲ. ಆಗ ಮನೆಯ ಹಿಂದಿನಿಂದ ಬೆಳ್ಳುಳ್ಳಿಯ ಘಮ ಬಂತು. ಹೋಗಿ ನೋಡಿದರೆ ಹಿತ್ತಿಲ ಚಪ್ಪರದ ಕೆಳಗೆ, ಸೌದೆ ಒಲೆಯ ಮುಂದೆ ಮಣೆ ಹಾಕಿಕೊಂಡು ಒಡೀಲ್ ಕುಳಿತಿದ್ದಾರೆ. ಕೈಯಲ್ಲಿ ಸೌಟು. ಪಕ್ಕದಲ್ಲಿ ಮಾದಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಇಬ್ಬರೂ ಮಾತನಾಡುತ್ತಿದ್ದರು. ಒಬ್ಬರು ಫ್ರೆಂಚಿನಲ್ಲಿ, ಒಬ್ಬರು ಕನ್ನಡದಲ್ಲಿ. ದೂರದಿಂದ ಪದಗಳು ಸರಿಯಾಗಿ ಕೇಳಲಿಲ್ಲ, ಆದರೆ ಒಬ್ಬರು ನಿಲ್ಲಿಸಿದಲ್ಲಿ ಮತ್ತೊಬ್ಬರು ಎತ್ತಿಕೊಳ್ಳುತ್ತಿದ್ದರು. ಎಲ್ಲೂ ತಡವರಿಕೆಯಿಲ್ಲ, ಕೈಸನ್ನೆಯಿಲ್ಲ. ನಾನು ಹತ್ತಿರ ಹೋಗುತ್ತಲೇ ಇಬ್ಬರೂ ಸುಮ್ಮನಾದರು.

ಒಡೀಲ್ ಮಾಡಿದ್ದು ಅವರ ಊರಿನ ಬೆಳ್ಳುಳ್ಳಿ ಸಾರು. ಬಾತುಕೋಳಿ ಕೊಬ್ಬಿನ ಬದಲು ಕಡಲೆಕಾಯಿ ಎಣ್ಣೆ, ಗೋಧಿ ಹಿಟ್ಟಿನ ಬದಲು ಒಂದು ಚಿಟಿಕೆ ರಾಗಿ ಹಿಟ್ಟು, ಮೊಟ್ಟೆಯ ಹಳದಿಗೆ ವಿನೆಗರ್ ಬದಲು ಹುಣಸೆ ಹುಳಿ. ತಂಗಳು ರಾಗಿ ರೊಟ್ಟಿ ಮುರಿದು ಹಾಕಿ, ಅದರ ಮೇಲೆ ಸುರಿದು ಬಡಿಸಿದರು. ಅಷ್ಟು ರುಚಿಯಾದ ಸಾರನ್ನು ನಾನು ಫಿಜಾಕ್‌ನಲ್ಲೂ ಉಂಡಿರಲಿಲ್ಲ. ಒಡೀಲ್ ಬಟ್ಟಲು ಖಾಲಿ ಮಾಡಿ ಮತ್ತೆ ಹಾಕಿಸಿಕೊಂಡರು. ಮಾದಮ್ಮ ಸೊರ್ರೆಂದು ಕುಡಿದು, ಬಾಯಿ ಒರೆಸಿಕೊಂಡು, ಇನ್ನೊಂದೆರಡು ಮೆಣಸು ಬೀಳಬೇಕಿತ್ತು ಎಂದರು.

ಹೊರಡುವಾಗ ಮಾದಮ್ಮ ನನ್ನನ್ನು ಕುರಿದೊಡ್ಡಿಯ ಕಡೆ ಕರೆದೊಯ್ದರು. "ಆಯಮ್ಮಂಗೆ ನಮ್ ಮಾತು ನೀನಾ ಕಲ್ಸಿದ್ದು? ನಮ್ಮೋರಂಗೇ ಮಾತಾಡ್ತದಲ್ಲ."

ಅವರಿಗೆ ಕನ್ನಡ ಒಂದು ಅಕ್ಷರವೂ ಬರುವುದಿಲ್ಲ ಎಂದೆ. ಮಾದಮ್ಮ ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದರು.

"ಬರ್ದಿದ್ರೆ ಎಂಗ್ ಯೋಳ್ತಾಳೆ? ಗಂಡ ಸಾಯೋ ದಿನ ಬೆಳ್ಳುಳ್ಳಿ ಸಾರು ಮಾಡು ಅಂದ್ನಂತೆ. ಇವಳು ಸುಸ್ತಾಗೈತೆ, ನಾಳೆ ಮಾಡ್ತೀನಿ ಅಂದ್ಳಂತೆ. ಸಂಜೀಕೆ ಓಗ್ಬುಟ್ನಂತೆ. ಅವತ್ತಿಂದ ಒಲೆ ಮುಂದೆ ಕುಂತ್ರೆ ಕೈ ಬರಲ್ಲ ಅಂತ ಅತ್ಲು. ನಾನಂದೆ, ಆ ನಾಳೆ ಇವತ್ತು ಬಂತು ಅನ್ಕ, ಮಾಡವ್ವ ಅಂತ."

ಇದು ನನಗೆ ಗೊತ್ತಿರಲಿಲ್ಲ. ಒಡೀಲ್ ನನಗೆ ಎಂದೂ ಹೇಳಿರಲಿಲ್ಲ. ಮಾದಮ್ಮನ ಸೊಸೆ ಅಲ್ಲೇ ಹುಲ್ಲು ಹಾಕುತ್ತಿದ್ದಳು. ನೀನು ಕೇಳಿದೆಯಾ ಎಂದೆ. ಅವಳು ತಮಿಳಿನಲ್ಲೇ ಉತ್ತರಿಸಿದಳು: "ಅತ್ತೈ ಕನ್ನಡತ್ತುಲ, ಅವಂಗ ಅವಂಗ ಪಾಷೈಲ." ಅತ್ತೆ ಕನ್ನಡದಲ್ಲಿ, ಅವರು ಅವರ ಭಾಷೆಯಲ್ಲಿ, ಬಹಳ ಹೊತ್ತು ಮಾತನಾಡಿದರಂತೆ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಕಾರು ಹೊರಟ ಮೇಲೆ ಒಡೀಲ್ ಕಿಟಕಿಯಾಚೆ ನೋಡುತ್ತಲೇ ಕೇಳಿದರು. "ಆಕೆ ಫ್ರೆಂಚ್ ಎಲ್ಲಿ ಕಲಿತಳು? ನಮ್ಮ ಕಡೆಯ ರಾಗವೇ ಇದೆ, ಪ್ಯಾರಿಸ್ಸಿನದಲ್ಲ."

ನಾನು ಏನೂ ಸೂಚಿಸದೆ, ಮಾದಮ್ಮ ಏನು ಹೇಳಿದರು ಎಂದಷ್ಟೇ ಕೇಳಿದೆ. ಒಡೀಲ್ ಮೊದಲು ಮಾದಮ್ಮನ ಕಥೆ ಹೇಳಿದರು. ಹೆರಿಗೆಯಲ್ಲಿ ತೀರಿಕೊಂಡ ತಂಗಿಯ ಮಗುವನ್ನು ತಮ್ಮದೇ ಎದೆಹಾಲು ಕೊಟ್ಟು ಬೆಳೆಸಿದ್ದು, ಆ ಮಗು ಈಗ ಕುರಿ ಮೇಯಿಸುವ ಮಗನಾಗಿರುವುದು. ಆಮೇಲೆ ಮಾರ್ಸೆಲ್ ಕೇಳಿದ ಕೊನೆಯ ಸಾರಿನ ವಿಷಯ ಹೇಳಿದರು.

"ಆ ನಾಳೆಯೇ ಇವತ್ತು ಬಂದಿದೆ ಅಂದುಕೋ, ಮಾಡು ಎಂದಳು" ಎಂದರು.

ಒಂದೇ ಮಾತು. ಅದರ ಕನ್ನಡವನ್ನು ದೊಡ್ಡಿಯ ಬಳಿ ಕೇಳಿದ್ದೆ, ಫ್ರೆಂಚನ್ನು ಕಾರಿನಲ್ಲಿ ಕೇಳಿದೆ. ನಾನೇ ಕೂತು ಅನುವಾದಿಸಿದ್ದರೂ ಅದಕ್ಕಿಂತ ನಿಖರವಾಗಿ ಮಾಡಲು ಆಗುತ್ತಿರಲಿಲ್ಲ. ಬೆಳ್ಳುಳ್ಳಿಯನ್ನು ಕೈಯಲ್ಲಿ ಹಿಡಿದು ತೋರಿಸಬಹುದು, ಅಳುವನ್ನು ಕಂಡು ಅರಿಯಬಹುದು. 'ನಾಳೆ' ಎಂಬುದನ್ನು ಹೇಗೆ ತೋರಿಸುತ್ತಾರೆ? ತಂಗಿಯ ಮಗನ ವಿಷಯವನ್ನು ಆಮೇಲೆ ವಿಚಾರಿಸಿದೆ. ನಿಜವಾಗಿತ್ತು.

ಒಡೀಲ್ ಊರಿಗೆ ಮರಳಿದ ಮೇಲೆ ಮತ್ತೆ ಅಡುಗೆ ಹಿಡಿದರು. ಒಂದು ಕೋಣೆಯನ್ನು ಪ್ರವಾಸಿಗಳಿಗೆ ತೆರೆದರು. ಫೋನಿನಲ್ಲಿ ದನಿ ಮೊದಲಿನಂತಾಯಿತು. ನಾನು ಈ ಗಂಟನ್ನು ಬಿಡಿಸಲೇಬೇಕೆಂದು ಕೆಲವು ತಿಂಗಳ ನಂತರ ಮಾದಮ್ಮನ ಮನೆಗೆ ಹೋಗಿ, ಮೊಬೈಲಿನಲ್ಲಿ ಒಡೀಲ್‌ರ ಮುಖ ತೋರಿಸಿ ಇಬ್ಬರನ್ನೂ ಮಾತಿಗೆ ಬಿಟ್ಟೆ. ಒಡೀಲ್ ಸಂತೋಷದಿಂದ ಒಂದಷ್ಟು ಮಾತನಾಡಿದರು. ಮಾದಮ್ಮ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು, "ಏನಂತಾಳೆ?" ಎಂದು ನನ್ನ ಕಡೆ ತಿರುಗಿದರು. ತಾವೂ ಏನೋ ಕೇಳಿದರು. ಒಡೀಲ್ ಅತ್ತ ಕಡೆಯಿಂದ, ಆಕೆ ಇವತ್ತು ಯಾಕೆ ನಿಮ್ಮ ಭಾಷೆಯಲ್ಲಿ ಮಾತನಾಡುತ್ತಿದ್ದಾಳೆ ಎಂದು ನನ್ನನ್ನು ಕೇಳಿದರು.

ಕೊನೆಗೆ ನಾನೇ ನಡುವೆ ಕುಳಿತೆ. ನಿನ್ನೆ ಪ್ರವಾಸಿಗಳಿಗೆ ಸೇಬಿನ ಕಡುಬು ಮಾಡಿದೆ, ನಿನ್ನ ನೆನಪಾಯಿತು, ನಿನ್ನ ಕುರಿಗಳು ಚೆನ್ನಾಗಿವೆಯೇ ಎಂದು ಒಡೀಲ್ ಹೇಳಿದ್ದನ್ನು ಒಂದು ಪದವೂ ಬಿಡದೆ ಕನ್ನಡದಲ್ಲಿ ಹೇಳಿದೆ. ಮಾದಮ್ಮ ಪೂರ್ತಿ ಕೇಳಿದರು. ಫೋನಿನಲ್ಲಿ ನಗುತ್ತಿದ್ದ ಮುಖವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಆಮೇಲೆ ತಲೆಯಾಡಿಸಿದರು.

"ಇಲ್ಲ ಕಣವ್ವ. ಆಯಮ್ಮ ಇಂಗೆ ಮಾತಾಡಲ್ಲ."