ಮಾವ ಕಟ್ಟಿದ ಮಡೆ

ಬೇಲೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಕನಸಿನಲ್ಲಿ ಅಜ್ಜಿ ಬಂದಿದ್ದಳು, ಹಲ್ಲಿ ಲೊಚಗುಟ್ಟಿತು ಎಂದು ಯಾರಾದರೂ ಶುರು ಮಾಡಿದರೆ ಸಾಕು, ಮೂಗು ಮುರಿಯುತ್ತಿದ್ದೆ. "ಈ ಮೇಡಂ ಮುಂದೆ ದೆವ್ವಾನೂ ಪುರಾವೆ ತರಬೇಕು" ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಿದ್ದರು. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನೀವು ನಗುವುದಾದರೆ ನಗಿ, ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮತ್ತೆಯ ಲಿವರಿನಲ್ಲಿ ಗಡ್ಡೆ ಕಾಣಿಸಿತು. ಕೊಯ್ದು ತೆಗೆಯುವಂಥ ಜಾಗದಲ್ಲಿ ಅದಿರಲಿಲ್ಲ. ತಾಯಿಯಿಲ್ಲದ ನನಗೆ ತಲೆಗೆ ಎಣ್ಣೆ ಒತ್ತಿ, ಎರಡು ಬಾಣಂತನ ಮಾಡಿದವರು ಅವರು. ಉಳಿದಿದ್ದು ಒಂದೇ ದಾರಿ ಎಂದರು ಡಾಕ್ಟರು. ತೊಡೆಸಂದಿನ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಗಡ್ಡೆಯ ತನಕ ಹೋಗುವುದು. ಅದಕ್ಕೆ ರಕ್ತ ಉಣಿಸುವ ನಾಳದಲ್ಲಿ ಮರಳಿಗಿಂತ ಸಣ್ಣಗಿರುವ, ಔಷಧಿ ಹೀರಿದ ಮಣಿಗಳನ್ನು ಬಿಡುವುದು. ನಾಳ ಕಟ್ಟಿಕೊಂಡರೆ ಗಡ್ಡೆ ಉಪವಾಸ ಬೀಳುತ್ತದೆ.

ಹಗರೆ ಹತ್ತಿರದ ನಮ್ಮ ಮನೆಯಲ್ಲಿ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಮಾವ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಸರದಿ ಪ್ರಕಾರ ಒಬ್ಬೊಬ್ಬರ ಗದ್ದೆಗೂ ನೀರು ಬಿಡುವುದು ಅವರ ಕೆಲಸ. "ಅಂದ್ರೆ ಕಾಲುವೆಗೆ ಮಡೆ ಕಟ್ಟೋದು ಅನ್ನು" ಎಂದರು. ಹುಲ್ಲು, ಕೆಸರು ಒತ್ತಿ ನೀರು ತಡೆಯುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆದರೆ ಆಸ್ಪತ್ರೆಗೆ ಮಾತ್ರ ಬರಲಿಲ್ಲ. "ನನ್ನ ಬಿಟ್ರೆ ಎಮ್ಮೆ ಯಾರ್ಗೂ ಹಾಲು ಕೊಡಾಕಿಲ್ಲ ಕಣಮ್ಮ" ಎಂದು ನೆಪ ಹೇಳಿದರು. ಹೆದರಿದ್ದರು, ಪಾಪ.

ಹಾಸನದಲ್ಲಿ ಬೆಳಿಗ್ಗೆ ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು. ಹನ್ನೆರಡೂವರೆಗೆ ಹೊರಗೆ ಬಂದ ಡಾಕ್ಟರಮ್ಮ ಎಲ್ಲ ಚೆನ್ನಾಗಾಯಿತು ಎಂದವರು, ತಡೆದು ಕೇಳಿದರು: "ನಿಮ್ಮ ಮಾವ ಏನು ಕೆಲಸ ಮಾಡ್ತಾರೆ?" ಹೇಳಿದೆ. ಅವರ ಮುಖ ಒಂಥರಾ ಆಯಿತು. ಇಂಥದ್ದಕ್ಕೆ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲವಂತೆ. ಹನ್ನೆರಡರ ಹೊತ್ತಿಗೆ, ಕೆಲಸ ಮುಗಿಯಿತೆಂದು ನಳಿಕೆ ಎಳೆಯುವಷ್ಟರಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡೇ, "ತಾಳವ್ವ, ಮ್ಯಾಲ್ಗಡೆಯಿಂದ ಇನ್ನೊಂದು ಕಾಲುವೆ ಬತ್ತಾ ಐತಂತೆ. ನಮ್ಮೆಜಮಾನ್ರು ಕಟ್ತಾವ್ರೆ ನೋಡು" ಎಂದರಂತೆ. ಮಂಪರಿನ ಮಾತು ಎಂದು ನಕ್ಕರೂ ಡಾಕ್ಟರಮ್ಮ ಪರದೆಯ ಮೇಲೆ ನಾಳ ಕಾಣಿಸುವ ಬಣ್ಣವನ್ನು ಇನ್ನೊಮ್ಮೆ ಬಿಟ್ಟು ನೋಡಿದ್ದಾರೆ. ಸ್ಕ್ಯಾನಿನಲ್ಲಿ ಕಾಣದಿದ್ದ ನಾಳವೊಂದು ದಾರದೆಳೆಯ ಹಾಗೆ ಮೇಲಿನಿಂದ ಬಂದು ಗಡ್ಡೆಗೆ ಸೇರಿತ್ತು. ಅದಕ್ಕೂ ಮಣಿ ಬಿಟ್ಟರು.

ಮಡೆಯ ಮಾತು ಮನೆಯಲ್ಲಿ ಆಡಿದ್ದೆವಲ್ಲ, ಮಂಪರಿನಲ್ಲಿ ಅದೇ ಬಾಯಿಗೆ ಬಂದಿದೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ನನ್ನ ಯಜಮಾನರನ್ನು ಅತ್ತೆಯ ಹತ್ತಿರ ಬಿಟ್ಟು, ಬಟ್ಟೆ ತರಲು ಸಂಜೆ ಊರಿಗೆ ಬಂದರೆ, ಪಕ್ಕದ ಮನೆಯ ಜಯಕ್ಕ ಬೇಲಿಯ ಹತ್ತಿರವೇ ತಡೆದಳು.

"ನಿಮ್ಮಾವಂಗೆ ಏನಾಯ್ತಮ್ಮ? ಮಟಮಟ ಮಧ್ಯಾಹ್ನ, ಹನ್ನೆರಡರ ಬಸ್ಸು ಹೋದ ಗಳಿಗೇಲಿ, ಊಟದ ತಟ್ಟೆ ಬಿಟ್ಟು ಓಡಿದ್ರು. ನೀರೇ ಬಿಡದ ಕಾಲುವೆ! ಹೋಗಿ ನೋಡಿದ್ರೆ, ಬಿಂದಿಗೆ ನೀರು ಸುರ್ಕಂಡು, ಮಣ್ಣು ಕಲಸ್ಕಂಡು ಮಡೆ ಕಟ್ತಾವ್ರೆ!"

ಒಣ ಕಾಲುವೆಗೆ ಮಡೆ ಕಟ್ಟುವವರಲ್ಲ ನಮ್ಮ ಮಾವ. ಅವರ ಹತ್ತಿರ ಮೊಬೈಲೂ ಇಲ್ಲ. ಕೇಳಿದರೆ, "ಸುಮ್ಕೆ ಹೋಗಿದ್ದೆ ಕಣಮ್ಮ" ಎಂದು ಎಮ್ಮೆಯ ಕಡೆ ಹೋದರು.

ಮೂರನೆಯ ದಿನ ಅತ್ತೆಯನ್ನು ಕರೆದುಕೊಂಡು ಬಂದೆವು. ಜಗಲಿಯಲ್ಲಿ ಕೂತಿದ್ದ ಮಾವ ಎದ್ದು ನಿಂತರು. ನನ್ನ ಹೆಗಲಿಗೆ ಒರಗಿಕೊಂಡೇ ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಕೈ ತೊಳ್ಕಂಡ್ರಾ? ಅವತ್ತು ಆಸ್ಪತ್ರೇಲಿ ಆ ಕೆಸರು ಕೈಲೇ ನನ್ನ ಹಣೆ ಮುಟ್ಟಿದ್ರಲ್ಲ" ಎಂದರು.

"ಹ್ಞೂಂ ಕಣೇ, ಆಮ್ಯಾಕೆ ತೊಳ್ಕಂಡೆ" ಎಂದರು ಮಾವ. "ನೀನು ಹಂಗೆ ಕೂಗ್ಕಂಡ್ರೆ ಕೈ ತೊಳ್ಕಂಡು ಬರಾಕಾಯ್ತದಾ?"

ಅತ್ತೆ ಇದ್ದಾರೆ, ಗಡ್ಡೆ ಕುಗ್ಗಿದೆ. ಮಣಿಗಳು ಅದನ್ನು ಹೇಗೆ ಕುಗ್ಗಿಸಿದವೆಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಜಗಲಿಯಲ್ಲಿ ನಡೆದ ಆ ಎರಡು ಮಾತು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೇಳೋಣವೆಂದರೆ, ಅವರಿಬ್ಬರಿಗೂ ಅದರಲ್ಲಿ ಕೇಳುವಂಥದ್ದೇನೂ ಕಾಣುವುದಿಲ್ಲ.