ಗುಲಶನಳ ತೂತಿನ ಶಾಲು

ಬೀದರಿನ ಗುಲಶನಳಿಗೆ ಬೇಕಾಗಿದ್ದದ್ದು ಒಂದೇ, ಹೊಲಿಗೆ ಕೇಂದ್ರದಲ್ಲಿ ಹೆಣಿಗೆ ಕಲಿಸುವ ಕೆಲಸ. ಆಟೋ ಹೊಡೆಯುವ ಗಂಡ ಜುಲ್ಫೀಕಾರನ ಮುಂದೆ ಸೂಜಿಗೂ ದಾರಕ್ಕೂ ಕೈಯೊಡ್ಡಿ ಅವಳಿಗೆ ಸಾಕಾಗಿತ್ತು. ಕೇಂದ್ರದ ರಾಧಿಕಾ ಮೇಡಂ, "ಶುಕ್ರವಾರ ನಿಮ್ಮ ಕೈಲೆ ಹೆಣದ ಒಂದು ಶಾಲು ತಗೊಂಡ್ ಬರ್ರಿ, ಕಮಿಟಿಯವರು ನೋಡ್ತಾರ" ಎಂದಿದ್ದರು.

ಮೊಬೈಲಿನಲ್ಲಿ ಐರ್ಲೆಂಡಿನ ಮುದುಕಿಯೊಬ್ಬಳು ಕಥೆ ಹೇಳುತ್ತ, ಬೇಕೆಂದೇ ತೂತು ಬಿಡುವ ಜಾಳಿಗೆ ಶಾಲು ಹೆಣೆಯುತ್ತಿದ್ದಳು. ಮಗಳು ಗುಡಿಯಾ ಅರ್ಥ ಬಿಡಿಸಿ ಹೇಳಿದಳು: ಕಡಲಿನ ಸೀಲ್ ಪ್ರಾಣಿಯೊಂದು ದಂಡೆಗೆ ಬಂದು ಚರ್ಮ ಕಳಚಿ ಹೆಣ್ಣಾಗುತ್ತದೆ. ಬೆಸ್ತನೊಬ್ಬ ಆ ಚರ್ಮ ಬಚ್ಚಿಟ್ಟು ಅವಳನ್ನು ಹೆಂಡತಿ ಮಾಡಿಕೊಳ್ಳುತ್ತಾನೆ. ಚರ್ಮವಿಲ್ಲದೆ ಅವಳು ನೀರಿಗೆ ಮರಳುವಂತಿಲ್ಲ. ಗುಲಶನ ಅಂಥದೇ ಶಾಲು ಹೆಣೆಯತೊಡಗಿದಳು. ಅಂಚಿಗೆ ಅಲೆ, ನಡುವೆ ನೊರೆಯಂಥ ಸಣ್ಣ ಸಣ್ಣ ತೂತು.

ಉಣ್ಣೆ ತಂದವಳು ಔರಾದ ಕಡೆಯ ಕುರಿ ಸಾಕುವ ಅಂಜನಾಬಾಯಿ. ಮರಿಗಳ ಮೊದಲ ಕತ್ತರಿಯ ಮೆತ್ತನೆ ಉಣ್ಣೆಯನ್ನು ಸಣ್ಣಗೆ ನೂತು ಬಸ್ಸಿನಲ್ಲಿ ತಂದಿದ್ದಳು. ಕಥೆ ಕೇಳಿ ನಕ್ಕಳು.

"ಅಲ್ಲಿ ಗಂಡಸ್ರು ಬಚ್ಚಿಡ್ತಾರಂತ? ಭಾಳ ಛಲೋ ಮಂದಿ ತಂಗಿ. ನಮ್ಮ ಕಡಿ ಸೀದಾ ಮಾರ್ಕೊಂಡು ಬರ್ತಾರ."

"ಸುಮ್ನಿರು ಅಕ್ಕಾ, ನಗಸ್ಬ್ಯಾಡ. ಕುಣಿಕಿ ಬಿಟ್ಟು ಹೋಗ್ತಾವ."

ಶಾಲು ಮುಗಿಯಿತು. ತೊಳೆದು, ಮಡಚಿ, ಟ್ರಂಕಿನಲ್ಲಿ ಇಟ್ಟಳು.

ಗುರುವಾರ ಭಾಲ್ಕಿಯಲ್ಲಿ ಒಬ್ಬ ಲೀಡರನಿಗೆ ಸನ್ಮಾನ. ವಾರ್ಡಿನ ಟಿಕೆಟ್ಟಿನ ಆಸೆಗೆ ಜುಲ್ಫೀಕಾರ ಅವನ ಹಿಂದೆ ಬಾಲ ಅಲ್ಲಾಡಿಸುತ್ತಿದ್ದ. ನಮ್ಮ ಕಡೆ ದೊಡ್ಡವನು ಕಂಡರೆ ಹಾರ ಹಾಕಬೇಕು, ಶಾಲು ಹೊದಿಸಬೇಕು, ಫೋಟೋ ಹಿಡಿಸಬೇಕು. ಅದನ್ನು ಹೆಣೆದ ಕೈ ಯಾರದೆಂದು ಒಬ್ಬನಾದರೂ ಕೇಳಿದ್ದುಂಟೇ? ಶಾಲು ಕೊಳ್ಳಲು ಮರೆತವನು ಟ್ರಂಕಿಗೆ ಕೈ ಹಾಕಿದ. ಗುಲಶನ ನೀರಿಗೆ ಹೋಗಿದ್ದಳು.

ಸಂಜೆ ಮನೆಗೆ ಬಂದವನ ಕೂಗಾಟಕ್ಕೆ ಓಣಿಯೇ ಎದ್ದಿತು.

"ಮರ್ಯಾದಿ ತಗದಿ ನಂದು! ತೂತು ಬಿದ್ದ ಶಾಲು! ಇಲಿ ಕಡದದಾ ಏನೋ ಅಂತ ಸ್ಟೇಜ್ ಮ್ಯಾಲೇ ನಕ್ಕರು!"

ಗುಲಶನ ಟ್ರಂಕಿನ ಮುಚ್ಚಳ ತೆಗೆದು ನೋಡಿದಳು. "ನನ್ನ ಶಾಲು ಎಲ್ಲಿ ಅದಾ?"

"ಅಲ್ಲೇ ಲೀಡರ್ ಹತ್ರ ಅದಾ. ಹೊದಿಸಿದ್ದು ವಾಪಸ್ ಕೇಳ್ಲಾ? ಹುಚ್ಚಿ!"

ಶುಕ್ರವಾರ ಬೆಳಿಗ್ಗೆ ಅವಳೇ ಭಾಲ್ಕಿಗೆ ಹೋದಳು. ಲೀಡರನ ಮನೆಯಂಗಳದಲ್ಲಿ ಡ್ರೈವರ್ ಗಾಡಿ ಒರೆಸುತ್ತಿದ್ದ. ಅವನ ಕೈಯಲ್ಲಿದ್ದದ್ದು ಅವಳ ಶಾಲಿನ ಅಲೆಯ ಅಂಚು.

"ನಂದದ ರಿ ಇದು."

"ತೂತು ಬಟ್ಟಿ ಅಂತ ಸಾಹೇಬ್ರು ಕೊಟ್ಟಾರ. ಹರದ ಇನ್ನರ್ಧ ಡಿಕ್ಕಿಯಾಗ ಅದಾ, ತಗೋರಿ."

ಗ್ರೀಸು ಮೆತ್ತಿದ ಎರಡು ತುಂಡು. ಅವನ್ನೇ ಹಿಡಿದು ಬೀದರಿನ ಕೇಂದ್ರಕ್ಕೆ ಬರುವಷ್ಟರಲ್ಲಿ ಕಮಿಟಿಯವರು ಎದ್ದು ಹೋಗಿದ್ದರು. ರಾಧಿಕಾ ಮೇಡಂ ಒಂದು ಮೂಲೆಯ ಸ್ವಚ್ಛ ಹೆಣಿಗೆಯನ್ನು ಬೆರಳಲ್ಲಿ ಸವರಿದರು. "ಕೈ ಭಾಳ ಛಲೋ ಅದಾ ರಿ. ಆದ್ರ ಬ್ಯಾರೆಯವರನ್ನ ತಗೊಂಡ್ರು. ನಾ ಏನ್ ಮಾಡ್ಲಿ?"

ರಾತ್ರಿ ಊಟಕ್ಕೆ ಕೂತ ಜುಲ್ಫೀಕಾರನ ಸಿಟ್ಟು ಇಳಿದಿತ್ತು. "ಮುಂದಿನ ಸಲ ಇನ್ನೊಂದು ಹೆಣಿ. ತೂತಿಲ್ಲದ್ದು."

ಗುಲಶನ ಹೆಣಿಗೆಯ ಎರಡೂ ಕಡ್ಡಿಗಳನ್ನು ಅವನ ತಾಟಿನ ಪಕ್ಕ ಇಟ್ಟಳು. "ಹಿಡೀರಿ. ನೀವೇ ಹೆಣೀರಿ. ನನ್ನ ಕೈ ಇನ್ನ ನಿಮ್ಮ ರೊಟ್ಟಿಗಷ್ಟೇ ಅವ."

ಅಂದಿನಿಂದ ಅವಳು ಒಂದು ಕುಣಿಕೆಯನ್ನೂ ಹಾಕಿಲ್ಲ. ಜುಲ್ಫೀಕಾರ ಚಹಾದ ಅಂಗಡಿಯಲ್ಲಿ ರೊಟ್ಟಿಯ ಆ ಮಾತನ್ನು ಈಗಲೂ ನಗುತ್ತ ಹೇಳುತ್ತಾನೆ, ಹೆಂಡತಿಗೆ ಕೊನೆಗೂ ಬುದ್ಧಿ ಬಂತು ಎಂದು.