ಸಾಹೇಬರ ಮನೆಗೆ ಮೂರೇ ಬಂಗುಡೆ

ಮಣಿಪಾಲದಲ್ಲಿ ಅಚ್ಚಾಗುವ ಪೇಪರು ಬೆಳಿಗ್ಗೆ ಎಂಟರ ಬಸ್ಸಿಗೆ ನನ್ನ ಅಂಗಡಿಗೆ ಬರುತ್ತಿತ್ತು. ವಾರಿಜಕ್ಕನ ಸುದ್ದಿ ಹಿಂದಿನ ದಿನ ಮಧ್ಯಾಹ್ನವೇ ಬಂದು ಮುಟ್ಟಿರುತ್ತಿತ್ತು. ಪೇಪರಿನವರಿಗೆ ದಿಲ್ಲಿಯದ್ದೆಲ್ಲ ಗೊತ್ತು. ಆದರೆ ಹಿರಿಯಡ್ಕದ ಕಡೆಯ ಶಾಲೆಗೆ ಬಂದ ಹೊಸ ಬೆಂಚುಗಳಲ್ಲಿ ಎಷ್ಟಕ್ಕೆ ಮೂರೇ ಕಾಲು, ಕಾರ್ಕಳದಿಂದ ಯಾವ ಟೀಚರು ವರ್ಗವಾಗಿ ಬರುತ್ತಾರೆ, ಅವರು ಬರುತ್ತಾರೆಂದು ಯಾರು ಅಳುತ್ತಾರೆ, ಇಷ್ಟೆಲ್ಲ ವಿವರ ಪೇಪರಿನಲ್ಲಿ ಎಲ್ಲಿ ಸಿಗಬೇಕು?

ವಾರಿಜಕ್ಕ ಮೀನು ಮಾರುವವರು. ಕಾಪುವಿಗೂ ಉಚ್ಚಿಲಕ್ಕೂ ನಡುವೆ ಕಡಲಿಗೆ ತಾಗಿಕೊಂಡಿರುವ ಊರು ನಮ್ಮದು. ಬೆಳಿಗ್ಗೆ ಅಲ್ಲಿ ಬುಟ್ಟಿ ತುಂಬಿಸಿ, ಹೆದ್ದಾರಿಗೆ ನಡೆದು, ಬಸ್ಸು ಹತ್ತಿ ಉಡುಪಿಯ ಬನ್ನಂಜೆಗೆ ಹೋಗುತ್ತಿದ್ದರು. ವಾರಕ್ಕೆ ಎರಡು ದಿನ ಹಿರಿಯಡ್ಕ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಮಾಸ್ಟ್ರುಗಳು, ಟೀಚರುಗಳು. ಮೀನು ತಿನ್ನದ ಮಾಸ್ಟ್ರುಗಳಿಗೆ ಮಾತ್ರ ತಮ್ಮ ವರ್ಗಾವಣೆಯ ವಿಷಯ ಆರ್ಡರು ಕೈಗೆ ಬಂದ ಮೇಲೆಯೇ ತಿಳಿಯುತ್ತಿತ್ತು. ಪಾಪ, ಅದಕ್ಕೆ ವಾರಿಜಕ್ಕನೂ ಏನೂ ಮಾಡುವ ಹಾಗಿರಲಿಲ್ಲ.

ಇಷ್ಟು ಸುದ್ದಿಗೆ ಮೂಲ ಬನ್ನಂಜೆಯ ಒಂದು ಅಡುಗೆಮನೆ. ನಮ್ಮ ವಲಯದ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಶಿಕ್ಷಣಾಧಿಕಾರಿ ಸರ್ವೋತ್ತಮ ರಾಯರು ಅಲ್ಲಿ ಬಾಡಿಗೆಗಿದ್ದರು. ಕೊಂಕಣಿಯವರು. ಮೀನಿನ ರುಚಿ ಬಲ್ಲವರು. ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಯಾವ ದಿನ ಯಾವ ಶಾಲೆಗೆ ನುಗ್ಗುತ್ತೇನೆಂದು ತಮ್ಮ ಜವಾನನಿಗೂ ಹೇಳುತ್ತಿರಲಿಲ್ಲ. ಹೆಂಡತಿ ಮೋಹಿನಿಯಮ್ಮನಿಗೆ, "ನಾಳೆ ಮಧ್ಯಾಹ್ನ ಊಟಕ್ಕಿಲ್ಲ" ಎಂದಷ್ಟೇ ಹೇಳುವುದು. ಅಷ್ಟು ಸಾಕಾಗುತ್ತಿತ್ತು. ಸಾಹೇಬರು ಮನೆಯಲ್ಲಿ ಉಣ್ಣುವ ದಿನಕ್ಕೆ ಆರು ಬಂಗುಡೆ. ಉಣ್ಣದ ದಿನಕ್ಕೆ, "ನಾಳೆ ಮೂರು ತಂದರೆ ಸಾಕು ವಾರಿಜಾ" ಎಂದು ಮೋಹಿನಿಯಮ್ಮ ಮೊದಲೇ ಹೇಳಿಡುತ್ತಿದ್ದರು. ಇನ್ನು ಯಾವ ದಿಕ್ಕಿಗೆ ಎಂಬುದು ಜಗಲಿಯಲ್ಲಿ ಗೊತ್ತಾಗುತ್ತಿತ್ತು. ಚರ್ಮದ ಚಪ್ಪಲಿಗೆ ಎಣ್ಣೆ ಉಜ್ಜಿಟ್ಟಿದ್ದರೆ ಹಿರಿಯಡ್ಕ, ಕಾರ್ಕಳದ ಕಡೆ. ರಬ್ಬರ್ ಚಪ್ಪಲಿ ತೊಳೆದು ಬಿಸಿಲಿಗೆ ಇಟ್ಟಿದ್ದರೆ ಕಡಲ ಬದಿಯ ಮರಳಲ್ಲಿ, ಹೊಯಿಗೆಯಲ್ಲಿ ನಡೆಯಬೇಕಾದ ನಮ್ಮ ಕಡೆ.

ಮೂರು ವರ್ಷ ಹೀಗೇ ನಡೆಯಿತು. ಸಾಹೇಬರು ದಿಢೀರೆಂದು ಎಲ್ಲಿ ಹೋದರೂ ಅಂಗಳ ಗುಡಿಸಿರುತ್ತಿತ್ತು, ಹಾಜರಿ ಪುಸ್ತಕ ತುಂಬಿರುತ್ತಿತ್ತು, ರಜೆಯಲ್ಲಿದ್ದ ಮಾಸ್ಟ್ರು ಕೂಡ ಪಾಠ ಮಾಡುತ್ತಿದ್ದರು. ತಮ್ಮ ಹೆದರಿಕೆಯಿಂದಲೇ ವಲಯ ಸುಧಾರಿಸಿತು ಎಂದು ಸಾಹೇಬರು ನಂಬಿದ್ದರು. ನಂಬಿಕೆಯಿಂದ ಯಾರಿಗೂ ನಷ್ಟವಿರಲಿಲ್ಲ.

ಆದರೆ ಎಪ್ಪತ್ತಾರರ ಜನವರಿಯಲ್ಲಿ ವಾರಿಜಕ್ಕನಿಗೆ ಬೇಕಾದದ್ದು ಸುದ್ದಿಯಲ್ಲ, ಒಂದು ಕ್ಲಾಸು.

ನಮ್ಮೂರ ಶಾಲೆ ಐದನೆಯ ತರಗತಿಗೆ ನಿಲ್ಲುತ್ತಿತ್ತು. ಆರನೆಯದಕ್ಕೆ ಮೂರು ಮೈಲಿ, ಅದೂ ಹೆದ್ದಾರಿ ದಾಟಿ. ಗಂಡುಮಕ್ಕಳು ನಾಲ್ಕು ದಿನ ಹೋಗಿ ಐದನೆಯ ದಿನ ದೋಣಿ ಹತ್ತುತ್ತಿದ್ದರು. ಹೆಣ್ಣುಮಕ್ಕಳು ಆ ನಾಲ್ಕು ದಿನವೂ ಹೋಗುತ್ತಿರಲಿಲ್ಲ. ವಾರಿಜಕ್ಕನ ಮಗಳು ನಳಿನಾಕ್ಷಿ ಆ ವರ್ಷ ಐದನೆಯದರಲ್ಲಿದ್ದಳು. ಅವಳ ಅಪ್ಪ ವಾಸು ಕಾರ್ಕಳಕ್ಕೆ ಹೋದವರು ಮಗಳ ತಲೆಗೆ ಸರಿಯಾಗುವಂಥ ಒಂದು ಸಣ್ಣ ಬುಟ್ಟಿ ತಂದು ಮನೆಯ ಮೊಳೆಗೆ ನೇತುಹಾಕಿದರು. ಮುಂದಿನ ಜೂನಿನಿಂದ ಹುಡುಗಿ ತಾಯಿಯ ಹಿಂದೆ ಬಸ್ಸು ಹತ್ತುವುದು ಎಂದು ಅರ್ಥ.

ಊರಿಗೆಲ್ಲ ನಾನು ಅಂಗಡಿಯ ಬ್ಯಾರಿ. ವಾರಿಜಕ್ಕ ಮರುದಿನ ನನ್ನ ಅಂಗಡಿಯ ಹಲಗೆಯ ಮೇಲೆ ಕೂತು, "ಬ್ಯಾರಿಗಳೇ, ಒಂದು ಕಾಗದ ತೆಗೀರಿ. ಹೆಸರು ಬರೀಲಿಕ್ಕುಂಟು" ಎಂದರು.

"ಎಂತದ್ದಕ್ಕೆ?"

"ಇಪ್ಪತ್ತೈದು ಮಕ್ಕಳು ಇದ್ರೆ ಆರನೇ ಕ್ಲಾಸು ಕೊಡ್ತಾರಂತೆ. ನಮ್ಮ ಶಾಲೆಯ ಸಿಲ್ವೆಸ್ಟರ್ ಮಾಸ್ಟ್ರು ಹೇಳಿದ್ರು. ಆದ್ರೆ ಸಾಹೇಬರು ಬಂದು ತಲೆ ಎಣಿಸ್ಬೇಕಂತೆ."

"ಮಾಸ್ಟ್ರು ಬರೆಯುವುದಿಲ್ಲವಾ?"

"ಮಾಸ್ಟ್ರು ಶಾಲೆಯಲ್ಲಿ ಇದ್ದವರನ್ನು ಬರೀತಾರೆ. ನಾನು ಹೇಳುವುದು ಮನೆಯಲ್ಲಿ ಕೂತವರನ್ನು."

ಐದನೆಯದರಲ್ಲಿ ಹದಿಮೂರು ಮಕ್ಕಳಿದ್ದರು. ಉಳಿದವರಿಗಾಗಿ ವಾರಿಜಕ್ಕ ಖಾಲಿ ಬುಟ್ಟಿ ಹೊತ್ತುಕೊಂಡೇ ಮನೆ ಮನೆ ಹತ್ತಿದರು. ಬೀರಾನ್ ಕಾಕನ ಮಗಳು ಝೈನಬ್ ಐದು ಮುಗಿಸಿ ಒಂದು ವರ್ಷ ಮನೆಯಲ್ಲೇ ಇದ್ದಳು. ಅವಳ ತಾಯಿ ನಬೀಸಾ ಬಾಗಿಲಿಗೆ ಬಂದು, "ಹೆದ್ದಾರಿ ದಾಟಿಸುವುದಾದರೆ ಕೇಳುವುದೇ ಬೇಡ ವಾರಿಜಾ" ಎಂದರು.

"ಇಲ್ಲೇ ಆದ್ರೆ?"

"ಇಲ್ಲೇ ಆದರೆ ನಾನು ಈ ಬಾಗಿಲಲ್ಲಿ ನಿಂತರೆ ಅವಳ ಕ್ಲಾಸು ಕಾಣ್ತದಲ್ವಾ? ಹೆಸರು ಹಾಕು."

ಎರಡು ವಾರದಲ್ಲಿ ಕಾಗದ ತುಂಬಿತು. ಇಪ್ಪತ್ತೈದು ಹೆಸರು. ಒಂದು ಹೆಚ್ಚಿಲ್ಲ. ನಾನು ಎರಡು ಸಲ ಎಣಿಸಿದೆ. ಓದಲಿಕ್ಕೆ ಬಾರದ ವಾರಿಜಕ್ಕ ಬೆರಳಿನಲ್ಲಿ ನನಗಿಂತ ಮೊದಲೇ ಎಣಿಸಿ ಮುಗಿಸಿದ್ದರು. ಸಿಲ್ವೆಸ್ಟರ್ ಮಾಸ್ಟ್ರು ಅರ್ಜಿ ಕಳಿಸಿದರು.

ಒಂದು ಬುಧವಾರ ಮಧ್ಯಾಹ್ನ ವಾರಿಜಕ್ಕ ಬಸ್ಸಿಳಿದು ನೇರ ಶಾಲೆಗೇ ನಡೆದರು. "ಮಾಸ್ಟ್ರೇ, ನಾಳೆಗೆ ಮೂರೇ ಬಂಗುಡೆ. ರಬ್ಬರ್ ಚಪ್ಪಲಿ ಬಿಸಿಲಲ್ಲುಂಟು."

ಸಿಲ್ವೆಸ್ಟರ್ ಮಾಸ್ಟ್ರು ದೇವರಂಥ ಮನುಷ್ಯ. ಅದೇ ಅವರ ತೊಂದರೆ. ಸಂಜೆ ನನ್ನ ಅಂಗಡಿಗೆ ಬಂದು ಬಣ್ಣದ ಚಾಕ್‌ಪೀಸು ಕೇಳಿದರು. ಯಾಕೆಂದು ನಾನು ಕೇಳಲಿಲ್ಲ. ಗಿರಾಕಿ ಬಣ್ಣ ಕೇಳಿದಾಗ ಕಾರಣ ಕೇಳುವುದು ನಮ್ಮ ಕಸುಬಿನಲ್ಲಿಲ್ಲ. ಕೇಳಬೇಕಾಗಿತ್ತು.

ಗುರುವಾರ ಬೆಳಿಗ್ಗೆ ವಾರಿಜಕ್ಕ ಮಗಳಿಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಅಬ್ಬಲಿಗೆ ಮುಡಿಸಿ, ಶಾಲೆಯ ಮೊದಲ ಬೆಂಚಿನಲ್ಲಿ ಕೂರಿಸಿ ಕಡಲ ಬದಿಗೆ ಹೋದರು. ಅಲ್ಲಿ ನೋಡಿದರೆ ಊರಿಗೆ ಊರೇ ಸೇರಿತ್ತು. ರಂಪಣಿಗೆ ಮೀನು ಬಿದ್ದಿತ್ತು. ರಂಪಣಿ ಎಂದರೆ ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುವ ದೊಡ್ಡ ಬಲೆ. ಎರಡೂ ಕೊನೆಯ ಹಗ್ಗ ದಡದಲ್ಲಿ. ನೂರು ಜನ ಹಿಡಿದೆಳೆಯಬೇಕು. ಹಗ್ಗ ಹಿಡಿದವರಿಗೆಲ್ಲ ಪಾಲುಂಟು, ಮಕ್ಕಳಿಗೆ ಅರ್ಧ ಪಾಲು. ಆ ವರ್ಷ ಅಂಥ ಬಂಗುಡೆ ಬಿದ್ದಿರಲಿಲ್ಲ. ನೀರೇ ಕಪ್ಪಾಗಿ ಕಾಣುತ್ತಿತ್ತು. ಶಾಲೆಗೆಂದು ಹೊರಟ ಮಕ್ಕಳು ಚೀಲವನ್ನು ಹೊಯಿಗೆಯ ಮೇಲೆ ಎಸೆದು ಹಗ್ಗಕ್ಕೆ ಜೋತುಬಿದ್ದಿದ್ದರು.

"ಇವತ್ತು ಸಾಹೇಬರು ಬರ್ತಾರೆ, ಬನ್ನಿ ಮಕ್ಕಳೇ!" ಎಂದು ವಾರಿಜಕ್ಕ ಕೂಗಿದರು.

"ಹಗ್ಗ ಬಿಟ್ಟರೆ ಪಾಲಿಲ್ಲ!" ಎಂದು ರಂಪಣಿಯ ಮುಂದಾಳು, ತಂಡೇಲ ಗಣಪಣ್ಣ ಅದಕ್ಕಿಂತ ಜೋರಾಗಿ ಕೂಗಿದರು. ತಂಡೇಲನ ಮಾತಿನ ಮುಂದೆ ಸರಕಾರದ ಮಾತು ಯಾವ ಮಗುವಿಗೂ ಕೇಳಿಸಲಿಲ್ಲ.

ವಾರಿಜಕ್ಕ ಖಾಲಿ ಬುಟ್ಟಿಯೊಂದಿಗೆ ಶಾಲೆಗೆ ಓಡಿ ಬಂದಾಗ ಸಾಹೇಬರು ಬಂದಾಗಿತ್ತು. ತರಗತಿಯ ನಡುವೆ ನಿಂತು ಕರಿಹಲಗೆ ನೋಡುತ್ತಿದ್ದರು. ಅದರ ಮೇಲೆ ಕೆಂಪು, ಹಳದಿ, ಹಸಿರು ಅಕ್ಷರದಲ್ಲಿ, ಸುತ್ತ ಹೂಬಳ್ಳಿ ಬಿಡಿಸಿ, ಹೀಗೆ ಬರೆದಿತ್ತು: ಮಾನ್ಯ ಶಿಕ್ಷಣಾಧಿಕಾರಿಗಳಿಗೆ ಹಾರ್ದಿಕ ಸ್ವಾಗತ. ಬೆಂಚಿನಲ್ಲಿ ಎರಡು ಜಡೆಯ ಹುಡುಗಿ ಒಬ್ಬಳೇ. ನಾನು ಎದುರಿನ ನನ್ನ ಅಂಗಡಿಯಿಂದ ಎಳನೀರು ಹಿಡಿದುಕೊಂಡು ಬಂದವ ಬಾಗಿಲಲ್ಲೇ ನಿಂತೆ. ಆ ಹೊತ್ತಿಗೆ ಎಳನೀರು ಕೊಡುವುದು ಬುದ್ಧಿವಂತಿಕೆ ಅಲ್ಲ ಎಂದು ತೋರಿತು.

"ನಾನು ಬರುವುದು ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಯಾರು ಹೇಳಿದ್ದು ಮಾಸ್ತರರೇ?" ಸಾಹೇಬರ ಸ್ವರ ಏರಲಿಲ್ಲ. ಅದು ಇನ್ನೂ ಕೆಟ್ಟದ್ದು.

ಸಿಲ್ವೆಸ್ಟರ್ ಮಾಸ್ಟ್ರು ಚಾಕಿನ ಪುಡಿಯ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಸುಳ್ಳು ಹೇಳಲಿಕ್ಕೆ ಬಾರದವರು. ಸತ್ಯ ಹೇಳಲಿಕ್ಕೂ ಆಗದು.

"ಮಕ್ಕಳೆಲ್ಲಿ?"

"ಬರ್ತಾರೆ ಸರ್. ಕಡಲ ಹತ್ತಿರ ಹೋಗಿದ್ದಾರೆ. ಈಗ ಕರೆಸ್ತೇನೆ."

"ಕರೆಸ್ತೀರಿ. ಎಲ್ಲಿಂದ ಕರೆಸ್ತೀರಿ? ಹೋದ ವರ್ಷ ಒಂದು ಕಡೆ ಹೀಗೇ ಕರೆಸಿ ತೋರಿಸಿದರು. ಒಬ್ಬ ಹುಡುಗನನ್ನು ಕೇಳಿದೆ, ನಿನ್ನ ಮಾಸ್ತರರ ಹೆಸರೇನು ಅಂತ. ಪಕ್ಕದ ಶಾಲೆಯವರ ಹೆಸರು ಹೇಳಿದ. ಮೊದಲೇ ಗೊತ್ತಿದ್ದ ಭೇಟಿಯಲ್ಲಿ ನಾನು ತಲೆ ಎಣಿಸುವುದಿಲ್ಲ. ಮುಂದಿನ ವರ್ಷ ನೋಡುವ."

ಮುಂದಿನ ವರ್ಷಕ್ಕೆ ನಳಿನಾಕ್ಷಿಯ ತಲೆಯ ಮೇಲೆ ಬುಟ್ಟಿ ಕೂತು ಎಂಟು ತಿಂಗಳಾಗಿರುತ್ತದೆ. ವಾರಿಜಕ್ಕ ಮೆಟ್ಟಿಲು ಹತ್ತಿ ಒಳಗೆ ಬಂದರು.

"ಮಾಸ್ಟ್ರನ್ನು ಬೈಬೇಡಿ ಸಾಹೇಬರೇ. ಹೇಳಿದ್ದು ನಾನು."

ತಮ್ಮ ಮನೆಯ ಮೀನಿನವಳನ್ನು ಅಲ್ಲಿ ಕಂಡು ಸಾಹೇಬರು ಕನ್ನಡಕ ಸರಿ ಮಾಡಿಕೊಂಡರು. "ನಿನಗೆ ಯಾರು ಹೇಳಿದ್ದು?"

"ನಿಮ್ಮ ಬಂಗುಡೆ."

ಆಮೇಲೆ ಆರು, ಮೂರು, ಚರ್ಮ, ರಬ್ಬರ್, ಎಲ್ಲ ಬಿಚ್ಚಿ ಹೇಳಿದರು. ಮೂರು ವರ್ಷ ಜೋಪಾನ ಮಾಡಿದ ಗುಟ್ಟು ಎರಡು ನಿಮಿಷದಲ್ಲಿ ಮುಗಿಯಿತು. ಸಾಹೇಬರು ಕೆಳಗೆ ತಮ್ಮ ಕಾಲನ್ನು ನೋಡಿಕೊಂಡರು. ರಬ್ಬರ್ ಚಪ್ಪಲಿ ಅಲ್ಲೇ ಇತ್ತು.

"ಕಾರ್ಕಳದವರಿಗೂ ಗೊತ್ತುಂಟಾ?"

"ಹಿರಿಯಡ್ಕದ ತನಕ ನಾನು. ಅಲ್ಲಿಂದ ಮುಂದೆ ಬಸ್ಸಿನ ಕಂಡಕ್ಟರ್ ಚಂದು."

ಸಾಹೇಬರು ಬೆಂಚಿನ ತುದಿಯಲ್ಲಿ ಕೂತರು. ತಮ್ಮ ಹೆದರಿಕೆಯಿಂದ ಸುಧಾರಿಸಿದ್ದ ವಲಯವೊಂದು ಕಣ್ಣೆದುರೇ ಬಿದ್ದುಹೋದರೆ ಯಾರಾದರೂ ಕೂರಲೇಬೇಕು.

"ಇಷ್ಟು ಹೇಳಿದವಳು ಇನ್ನು ಸುಳ್ಳು ಹೇಳಿ ಎಂತ ಲಾಭ?" ಎಂದರು ವಾರಿಜಕ್ಕ. "ಸಾಲ ತಂದ ಮಕ್ಕಳು ಅಂತ ನಿಮಗೆ ಸಂಶಯ ಅಲ್ವಾ? ಹಾಗಾದ್ರೆ ಇಲ್ಲಿ ಎಣಿಸ್ಬೇಡಿ. ಕಡಲ ಬದಿಗೆ ಬನ್ನಿ. ಬೆಂಚಿನಲ್ಲಿ ಯಾರ ಮಕ್ಕಳನ್ನೂ ಕೂರಿಸಬಹುದು. ಹಗ್ಗಕ್ಕೆ ಆಗುವುದಿಲ್ಲ."

ಸಾಹೇಬರು ಎದ್ದದ್ದು ನಂಬಿಕೆಯಿಂದಲೋ, ಆ ಹೂಬಳ್ಳಿಯ ಕರಿಹಲಗೆಯಿಂದ ತಪ್ಪಿಸಿಕೊಳ್ಳಲಿಕ್ಕೋ, ನಾನು ಹೇಳಲಾರೆ. ಮಾಸ್ಟ್ರು ಪಟ್ಟಿ ಹಿಡಿದುಕೊಂಡರು. ನಾನು ಎಳನೀರು ಹಿಡಿದುಕೊಂಡೆ.

ಹಗ್ಗದ ಹತ್ತಿರ ಹೋಗುವುದೇ ತಡ, "ಯಾರದು? ಚಪ್ಪಲಿ ತೆಗೀರಿ!" ಎಂದು ಗಣಪಣ್ಣ ಗದರಿದರು. ಸಾಹೇಬರು ತಕ್ಷಣ ತೆಗೆದು ಕೈಯಲ್ಲಿ ಹಿಡಿದರು. ವಲಯದಲ್ಲಿ ಅವರನ್ನು ಗದರಿಸಿದವರು ಅಲ್ಲಿವರೆಗೆ ಯಾರೂ ಇರಲಿಲ್ಲ.

ದಡದಲ್ಲಿ ಆರು ಮಾರು ಆಚೆ ಝೈನಬಳಷ್ಟೇ ಎತ್ತರದ ಒಬ್ಬಳು ಹುಡುಗಿ ಕೈ ಕಟ್ಟಿ ನಿಂತಿದ್ದಳು. ಸಾಹೇಬರು ಅವಳನ್ನೇ ಮೊದಲು ಕೇಳಿದರು. "ನೀನು ಯಾಕೆ ಎಳೆಯುವುದಿಲ್ಲ?"

"ನಾನು ಉಚ್ಚಿಲದವಳು ಸಾರ್. ಮೆಹರುನ್ನಿಸಾ. ಮಾಮಿಯ ಮನೆಗೆ ಬಂದದ್ದು. ಮುಟ್ಟಿದರೆ ಓಡಿಸ್ತಾರೆ."

"ಒಂದು ಬೆರಳು ಮುಟ್ಟಿದರೂ?"

"ತಂಡೇಲರಿಗೆ ಕಾಣ್ತದೆ ಸಾರ್."

"ಪಾಲು ಊರಿನ ಮನೆಗಳಿಗೆ ಮಾತ್ರ" ಎಂದರು ಗಣಪಣ್ಣ, ಬಲೆಯಿಂದ ಕಣ್ಣು ತೆಗೆಯದೆ. "ಹೊರಗಿನ ಒಂದು ಕೈ ಬಿದ್ದರೆ ಉಳಿದವರ ಬುಟ್ಟಿಯಲ್ಲಿ ಕಡಿಮೆ ಆಗ್ತದಲ್ಲ ಮಾರಾಯ್ರೇ. ನಾನು ಬಿಟ್ಟರೂ ಈ ಹೆಂಗಸರು ಬಿಡ್ತಾರಾ?"

ಸಾಹೇಬರು ಪಟ್ಟಿಯನ್ನು ತಾವೇ ತೆಗೆದುಕೊಂಡು ಹಗ್ಗದ ಉದ್ದಕ್ಕೂ ನಡೆದರು. ಒಂದೊಂದು ಹೆಸರು ಕೂಗಿದಂತೆ ಹಗ್ಗದ ಮೇಲಿಂದ, "ಹಾಜರ್ ಸಾರ್!" ಎಂದು ಉತ್ತರ ಬರುತ್ತಿತ್ತು. ಯಾರೂ ಕೈ ಎತ್ತಲಿಲ್ಲ. ಎತ್ತಿದರೆ ಪಾಲು ಹೋಗುತ್ತದೆ. ಪ್ರತಿ ಹೆಸರಿಗೂ ಗಣಪಣ್ಣ, ಇಂಥವರ ಮನೆಯದು, ಇಂಥವರ ಎರಡನೆಯದು ಎಂದು ಸಾಕ್ಷಿ ಹಾಕುತ್ತಾ ಹೋದರು. ಝೈನಬ್ ಹಗ್ಗದ ಬಾಲದಲ್ಲಿದ್ದಳು. ಅವಳ ಉತ್ತರಕ್ಕೆ ಅರ್ಧ ಕಡಲತೀರ ನಕ್ಕಿತು. ಹಗ್ಗ ಎಳೆಯುವವರ ಕೂಗನ್ನೂ ಅದೇ ಉಸಿರಿನಲ್ಲಿ ಸೇರಿಸಿ, "ಹಾಜರ್ ಐಸಾ!" ಎಂದುಬಿಟ್ಟಿದ್ದಳು.

ಹಗ್ಗ ಮುಗಿಯಿತು. ಸಾಹೇಬರು ಪೆನ್ನಿನ ತುದಿಯಿಂದ ಎಣಿಸಿದರು. "ಇಪ್ಪತ್ತನಾಲ್ಕು."

ಮಾಸ್ಟ್ರು ಶಿಲುಬೆಯ ಗುರುತು ಹಾಕಿಕೊಂಡರು. ನಾನು ಪಟ್ಟಿಗೆ ಬಗ್ಗಿ ನೋಡಿದೆ. ಎರಡು ಸಲ ಎಣಿಸಿದವ ನಾನೇ ಅಲ್ಲವೇ.

ವಾರಿಜಕ್ಕ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ಸಾಹೇಬರೇ, ಹೇಳಿದ ಮಾತು ಕೇಳಿ ಶಾಲೆಯಲ್ಲಿ ಕೂತವಳೊಬ್ಬಳಿದ್ದಳಲ್ಲ, ಅವಳನ್ನು ಎಣಿಸುವ ಕ್ರಮ ಇಲ್ಲವಾ?"

ಸಾಹೇಬರು ಮೊದಲ ಬಾರಿ ನಕ್ಕರು. "ಎರಡು ಜಡೆ. ಅದು ಯಾರ ಮಗಳು?"

"ಅವಳಿಗೆ ಇವತ್ತು ಪಾಲಿಲ್ಲ" ಎಂದರು ವಾರಿಜಕ್ಕ. "ಅವಳು ನನ್ನ ಮಗಳು."

ಸಾಹೇಬರು ನಿಂತಲ್ಲೇ ಪಟ್ಟಿಯ ಕೆಳಗೆ ಸಹಿ ಹಾಕಿದರು. ಎಳನೀರು ಕೊಡಲಿಕ್ಕೆ ಅದು ಸರಿಯಾದ ಹೊತ್ತು. ಕೊಟ್ಟೆ.

ಮೇ ತಿಂಗಳಲ್ಲಿ ಆರ್ಡರು ಬಂತು, ಜೂನಿನಲ್ಲಿ ಕ್ಲಾಸು ಶುರುವಾಯಿತು. ಮರುವರ್ಷ ಏಳನೆಯದೂ ಬಂತು. ಬನ್ನಂಜೆಯ ಮನೆಗೆ ಮಾತ್ರ ತಲೆ ಎಣಿಸಿದ ಮರುದಿನ, ಶುಕ್ರವಾರದಿಂದಲೇ ದಿನಾ ಆರು ಬಂಗುಡೆ, ಸಾಹೇಬರು ಉಂಡರೂ, ಉಣ್ಣದಿದ್ದರೂ. ಅವರ ಮನೆಯ ಬೆಕ್ಕು ಆ ವರ್ಷ ಬಾಗಿಲಲ್ಲಿ ಹಿಡಿಸದಷ್ಟು ದಪ್ಪವಾಯಿತು ಎಂದು ವಾರಿಜಕ್ಕ ಹೇಳುತ್ತಿದ್ದರು.

ವಲಯದ ಮಾಸ್ಟ್ರುಗಳಿಗೆ ದಿಕ್ಕೇ ತಪ್ಪಿತು. ಹಿರಿಯಡ್ಕದಲ್ಲಿ ಒಬ್ಬರು ಹೆಡ್‌ಮಾಸ್ಟ್ರು ಬುಟ್ಟಿಯ ಮುಂದೆ ನಿಂತು, "ಎಂತ ವಾರಿಜಕ್ಕ, ಸುದ್ದಿಯೇ ಇಲ್ಲ?" ಎಂದು ಕೇಳಿದರಂತೆ.

"ಉಂಟಲ್ಲ ಮಾಸ್ಟ್ರೇ. ಸಾಹೇಬರು ಯಾವ ದಿನವೂ ಬರಬಹುದಂತೆ. ಬಂಗುಡೆ ಎಷ್ಟು ಕೊಡಲಿ?"

ನಳಿನಾಕ್ಷಿ ಏಳು ಮುಗಿಸಿ, ಕಾಪುವಿನಲ್ಲಿ ಹೈಸ್ಕೂಲು ಮುಗಿಸಿ, ಈಗ ಮೀನುಗಾರರ ಸೊಸೈಟಿಯಲ್ಲಿ ಗುಮಾಸ್ತೆಯಾಗಿ ನಾಲ್ಕು ವರ್ಷವಾಯಿತು. ಗಣಪಣ್ಣ ತಿಂಗಳಿಗೊಮ್ಮೆ ಅವಳ ಮೇಜಿನ ಮುಂದೆ ನಿಂತು ಹೆಸರು ಹೇಳಬೇಕು. ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು. ಅದು ಅವಳೇ ಮಾಡಿದ ರೂಲು.

ವಾಸು ತಂದಿದ್ದ ಸಣ್ಣ ಬುಟ್ಟಿ ಕ್ಲಾಸು ಶುರುವಾದ ವಾರವೇ ನನ್ನ ಅಂಗಡಿಗೆ ಬಂತು. "ಮನೆಯಲ್ಲಿ ಸುಮ್ಮನೆ ನೇತಾಡ್ತದೆ, ಇಟ್ಟುಕೊಳ್ಳಿ" ಎಂದು ವಾರಿಜಕ್ಕ ಹಲಗೆಯ ಮೇಲಿಟ್ಟು ಬಸ್ಸಿಗೆ ಓಡಿದರು. ಅಂದಿನಿಂದ ನಾನು ನಿಂಬೆಹಣ್ಣು ಇಡುವುದು ಅದರಲ್ಲೇ. ಕಡಲ ಬದಿಯ ಊರಿನಲ್ಲಿ ಮೀನಿನ ವಾಸನೆ ಹತ್ತದ ಬುಟ್ಟಿ ಅದೊಂದೇ.